ಸಂಚಿನ ಕೇಸಲ್ಲಿ ತಮ್ಮನಿಗೆ ಶಿಕ್ಷೆ: ಮೇಲ್ಮನವಿ ಬಗ್ಗೆ
ಅಕ್ಕಾ, ತಮ್ಮನ ಹತ್ತಿರ ಏನೂ ಸಿಗದಿದ್ದರೂ ಎನ್‌ಡಿಪಿಎಸ್ (ಮಾದಕ ವಸ್ತು ತಡೆ ಕಾಯ್ದೆ) ಸೆಕ್ಷನ್ 29ರಡಿ ಸಂಚು ಅಂತ 10 ವರ್ಷ ಹಾಕಿದ್ದಾರೆ, ಮುಂದೇನು ಅಂದಿದ್ದೀರಿ. ಹೈಕೋರ್ಟಿಗೆ ಹೋಗಲು 60 ದಿನ ಇದೆ, ದಯವಿಟ್ಟು ತಡ ಮಾಡಬೇಡಿ. ತೀರ್ಪಿನ ಪ್ರತಿ ಅವನಿಗೆ ಪುಕ್ಕಟೆಯಾಗಿ ಕೊಡಲೇಬೇಕು. ಅವನನ್ನು ಸಂಚಿಗೆ ಜೋಡಿಸಿದ ಸಾಕ್ಷ್ಯ ಯಾವುದು ಅಂತ ಅದರಲ್ಲಿ ಹುಡುಕಿ. ತನಿಖಾಧಿಕಾರಿ ಮುಂದೆ ಕೊಟ್ಟ ಸೆಕ್ಷನ್ 67ರ ತಪ್ಪೊಪ್ಪಿಗೆಯಷ್ಟೇ ಆಧಾರವಾಗಿದ್ದರೆ ಒಳ್ಳೆಯ ಹಿಡಿತ ಸಿಕ್ಕಂತೆ: ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಬರೀ ಫೋನ್ ಕರೆಗಳ ಪಟ್ಟಿಯಿದ್ದರೂ ಅಷ್ಟೇ, ಮಾತಾಡಿದ್ದು ಗೊತ್ತಾಗುತ್ತೆ, ಏನು ಮಾತಾಡಿದರು ಅನ್ನೋದು ಗೊತ್ತಾಗಲ್ಲ. ಜಾಮೀನು ಮಾತ್ರ ಕಷ್ಟ, ಅದಕ್ಕೆ ಕಠಿಣ ಷರತ್ತು ಹಾಕುವ ಸೆಕ್ಷನ್ 37 ಅಡ್ಡ ಬರುತ್ತೆ. ವಕೀಲರ ಫೀಸಿಗೆ ಒಡವೆ ಅಡವಿಡಬೇಡಿ. ಜೈಲಲ್ಲಿರೋರಿಗೆ ಉಚಿತ ಕಾನೂನು ನೆರವು ಹಕ್ಕು. ಹೈಕೋರ್ಟ್ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ಪರಪ್ಪನ ಅಗ್ರಹಾರದಿಂದಲೇ, ಜೈಲು ಅಧಿಕಾರಿ ಮೂಲಕವೂ ಅವನು ಮೇಲ್ಮನವಿ ಕಳಿಸಬಹುದು.