ಅಪರೂಪದ ಕಾರುಗಳು ಮಾಮೂಲಿ ಲೈನಿನಲ್ಲೇ ತಯಾರಾದವೇ?

ಪ್ರಶ್ನೆ: 1963ರ ಕ್ರೈಸ್ಲರ್ ಟರ್ಬೈನ್ ಕಾರು (ಪಿಸ್ಟನ್ ಬದಲು ಬಿಸಿ ಅನಿಲದಿಂದ ತಿರುಗುವ ಚಕ್ರಗಳ ಎಂಜಿನ್ನಿನದು) ಒಟ್ಟು 55 ಮಾತ್ರ ಎಂದು ಓದಿದೆ. ಕಂಪನಿಯ ಉಳಿದ ಕಾರುಗಳ ಜತೆಗೆ, ಅದೇ ಅಸೆಂಬ್ಲಿ ಲೈನಿನಲ್ಲೇ ಇವನ್ನೂ ತಯಾರಿಸಿದರೇ? (ದಾವಣಗೆರೆ)

ಉತ್ತರ: ಇಲ್ಲ. ಬಾಡಿಗಳು ತಯಾರಾದದ್ದು ಇಟಲಿಯ ಟ್ಯೂರಿನ್‌ನಲ್ಲಿದ್ದ ಗಿಯಾ ಕಾರ್ಖಾನೆಯಲ್ಲಿ, ಬಹುಪಾಲು ಕೈಕೆಲಸದಿಂದ. ಅಲ್ಲಿಂದ ಡೆಟ್ರಾಯಿಟ್‌ಗೆ ಬಂದ ಬಾಡಿಗಳಿಗೆ ಗ್ರೀನ್‌ಫೀಲ್ಡ್ ಅವೆನ್ಯೂದ ಸಣ್ಣ ಘಟಕವೊಂದರಲ್ಲಿ ಟರ್ಬೈನ್ ಎಂಜಿನ್, ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್ ಕೂರಿಸಿದರು. ಮೊದಲ 5 ಕಾರು ಪರೀಕ್ಷೆಗೆ ಹೋದವು. ಉಳಿದ 50ನ್ನು 203 ಮಂದಿಗೆ ಸರದಿಯ ಮೇಲೆ, ತಲಾ ಮೂರು ತಿಂಗಳು ಓಡಿಸಲು ಕೊಟ್ಟರು. ಇಂದು ಉಳಿದಿರುವುದು 9.

ದೊಡ್ಡ ಲೈನಿಗೆ ಬಿಡದಿರಲು ಕಾರಣ ಸಮಯದ ಲೆಕ್ಕ. ಗಂಟೆಗೆ 60 ಕಾರು ಇಳಿಯಬೇಕಾದರೆ ಲೈನಿನ ಪ್ರತಿ ಸ್ಟೇಷನ್ನಿಗೆ, ಅಂದರೆ ಒಂದೊಂದು ಕೆಲಸ ನಡೆಯುವ ಜಾಗಕ್ಕೆ, ಸಿಗುವುದು ಒಂದೇ ನಿಮಿಷ. ಮಾದರಿ ಕಾರಿನ ಒಂದು ಬ್ರಾಕೆಟ್‌ನ ತೂತು ಎರಡು ಮಿಲಿಮೀಟರ್ ಆಚೀಚೆಯಾದರೂ ಸಾಕು, ಅರ ಹಾಕಿ ಕೂರಿಸುವಷ್ಟರಲ್ಲಿ ಹಿಂದಿನ ಕಾರುಗಳೆಲ್ಲ ನಿಂತಿರುತ್ತವೆ. ಟರ್ಬೈನ್ ಕಾರಿಗಂತೂ ರೇಡಿಯೇಟರೇ ಇರಲಿಲ್ಲ. ಅದರ ಎಂಜಿನ್ನಿನ ಗ್ಯಾಸ್ ಜನರೇಟರ್ (ಬಿಸಿ ಅನಿಲ ಉತ್ಪಾದಿಸುವ ಭಾಗ) ನಿಮಿಷಕ್ಕೆ 44,500 ಸುತ್ತಿನವರೆಗೆ ತಿರುಗುತ್ತಿತ್ತು. ಪಿಸ್ಟನ್ ಎಂಜಿನ್ನಿಗೆಂದು ಜೋಡಿಸಿದ ಸ್ಟೇಷನ್ನುಗಳಲ್ಲಿ ಅದಕ್ಕೆ ಜಾಗವೆಲ್ಲಿ?

ಇನ್ನೊಂದು ತೊಡಕು ಡೈಗಳದ್ದು, ಅಂದರೆ ತಗಡನ್ನು ಒತ್ತಿ ಬಾಡಿಯ ಪ್ಯಾನೆಲ್‌ಗೆ ಆಕಾರ ಕೊಡುವ ಅಚ್ಚುಗಳದ್ದು. ಗಟ್ಟಿ ಉಕ್ಕಿನ ಪ್ರೆಸ್ ಡೈಗೆ ತಿಂಗಳುಗಟ್ಟಲೆ ಕಾಲ, ದೊಡ್ಡ ಖರ್ಚು. ಕೆಲವೇ ಪ್ಯಾನೆಲ್ ಬೇಕಿದ್ದಾಗ ಕರ್ಕ್‌ಸೈಟ್ ಎಂಬ ಸತುವಿನ ಮಿಶ್ರಲೋಹದಲ್ಲಿ ಡೈ ಎರಕ ಹೊಯ್ಯುವುದು ರೂಢಿ. ಅದು ಸುಮಾರು 380 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ, ಕೆಲಸ ಮುಗಿದ ಮೇಲೆ ಕರಗಿಸಿ ಮತ್ತೆ ಬಳಸಬಹುದು. ಆದರೆ ಮೆದು. ಮೂಲೆಗಳು ಬೇಗ ಸವೆದು ಮಡಿಕೆ ಮೊಂಡಾಗುತ್ತದೆ. ಆಗ ಬಾಗಿಲ ಸಂದುಗಳು ಏರುಪೇರಾಗಿ, ಸುತ್ತಿಗೆ ಹಿಡಿದು ಸರಿಮಾಡದೆ ಗತಿಯಿಲ್ಲ.

ಮಾರಾಟದ ಕಾರಾದರೂ ಮೊದಮೊದಲು ಹೀಗೇ ತಯಾರಾದದ್ದುಂಟು. 1953ರ 300 ಶೆವ್ರೊಲೆ ಕಾರ್ವೆಟ್‌ಗಳನ್ನು ಫ್ಲಿಂಟ್‌ನ ತಾತ್ಕಾಲಿಕ ಲೈನೊಂದರಲ್ಲಿ ಜೋಡಿಸಿದರು. ಎಲ್ಲಕ್ಕೂ ಬಿಳಿ ಬಣ್ಣ, ಕೆಂಪು ಒಳಾಂಗಣ. ಫೈಬರ್‌ಗ್ಲಾಸ್ ಬಾಡಿಯೇ ಹೊಸತಾಗಿರುವಾಗ ಬಣ್ಣದ ತಲೆನೋವು ಬೇರೆ ಬೇಡವಾಗಿತ್ತು.

ಪ್ರಶ್ನೆ: ಹಾಗಾದರೆ ಮಾಮೂಲಿ ಲೈನಿನಲ್ಲಿ ಬಂದ ‘ಪೈಲಟ್’ ಕಾರು ಅನ್ನುವುದು ಸುಳ್ಳೇ? ಗುರುತಿಸುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಸುಳ್ಳಲ್ಲ. ಪೈಲಟ್ ಎಂದರೆ ಅಧಿಕೃತ ತಯಾರಿಕೆಗೆ ಮೊದಲಿನ ಹಂತ, ಅದರ ಉದ್ದೇಶವೇ ಲೈನನ್ನು ಪರೀಕ್ಷಿಸುವುದು. ಫೋರ್ಡ್ ಮಸ್ಟಾಂಗ್‌ನ ಅಧಿಕೃತ ತಯಾರಿಕೆ 1964ರ ಮಾರ್ಚ್ 9ರಂದು ಡಿಯರ್‌ಬಾರ್ನ್‌ನಲ್ಲಿ ಶುರುವಾಯಿತು. ಅದಕ್ಕೂ ಮೊದಲೇ ಅದೇ ಲೈನಿನಲ್ಲಿ ಪ್ರೀ-ಪ್ರೊಡಕ್ಷನ್ ಕಾರುಗಳು ಇಳಿದಿದ್ದವು. ಅವುಗಳಲ್ಲೊಂದರ ಸರಣಿ ನಂಬರ್ 5ಎಫ್08ಎಫ್100001. ಅದರ ಅರ್ಥ ಕ್ರಮವಾಗಿ: 1965ರ ಮಾಡೆಲ್, ಡಿಯರ್‌ಬಾರ್ನ್, ಕನ್ವರ್ಟಿಬಲ್, 260 ಘನ ಅಂಗುಲದ ವಿ8 ಎಂಜಿನ್, ಕೊನೆಗೆ ಕಾರಿನ ಕ್ರಮಸಂಖ್ಯೆ. ಕೆನಡಾದ ಸೇಂಟ್ ಜಾನ್ಸ್‌ನಲ್ಲಿ ಅದು ಕಣ್ತಪ್ಪಿ ಮಾರಾಟವಾಗಿಬಿಟ್ಟಿತು. 1966ರಲ್ಲಿ ಹತ್ತು ಲಕ್ಷನೆಯದಾಗಿ ತಯಾರಾದ ಮಸ್ಟಾಂಗನ್ನು ಬದಲಿಗೆ ಕೊಟ್ಟು ಕಂಪನಿ ಅದನ್ನು ವಾಪಸ್ ಪಡೆಯಿತು.

ನಂಬರ್ ಚಿಕ್ಕದೆಂದ ಮಾತ್ರಕ್ಕೆ ಮೊದಲು ತಯಾರಾದ ಕಾರೆಂದು ನಂಬಬೇಡಿ. ನಂಬರಿನ ಕ್ರಮವೂ ಜೋಡಣೆಯ ಕ್ರಮವೂ ಒಂದೇ ಅಲ್ಲ. ಸ್ಪಾಟ್ ವೆಲ್ಡ್ ಇರಬೇಕಾದಲ್ಲಿ ಗ್ಯಾಸ್ ವೆಲ್ಡಿಂಗ್, ಕೈಯಿಂದ ಕತ್ತರಿಸಿದ ಅಂಚು, ಬಳಕೆಯಿಲ್ಲದ ತೂತುಗಳಿದ್ದರೆ ಪೈಲಟ್ ಕಾರಿರಬಹುದೆಂಬ ಅನುಮಾನಕ್ಕೆ ಆಧಾರವುಂಟು, ಆದರೆ ಅಪಘಾತದ ರಿಪೇರಿಯೂ ಹೀಗೇ ಕಾಣುತ್ತದೆ. ಆದ್ದರಿಂದ ಎಂಜಿನ್ ಬ್ಲಾಕಿನ ಎರಕದ ದಿನಾಂಕ ಓದಿ. ಫೋರ್ಡ್‌ನಲ್ಲಿ ‘4ಎ15’ ಎಂದರೆ 1964ರ ಜನವರಿ 15. ಅದು ಕಾರು ಜೋಡಣೆಯಾದ ದಿನಕ್ಕಿಂತ ಈಚಿನದಾಗಿದ್ದರೆ ಆ ಬ್ಲಾಕ್ ಆಮೇಲೆ ಬದಲಾದದ್ದು. ಹರಾಜಿನವರು ಏನೇ ಬರೆದುಕೊಂಡಿರಲಿ, ಆ ಬ್ಲಾಕನ್ನು ನೆಚ್ಚಿ ಹೆಚ್ಚಿನ ಬೆಲೆ ಕೊಡಬೇಡಿ.