ಚಿಕ್ಕವರಿದ್ದಾಗ ನೀವು ಆಡಿದ, ಈಗ ಹೆಚ್ಚಿನವರಿಗೆ ಗೊತ್ತೇ ಇಲ್ಲದ ಹಳೆಯ ಕಂಪ್ಯೂಟರ್ ಗೇಮ್ ಯಾವುದು?

ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಶಿಯಾ ಅಂತ ಬರೆದು ಸುಲಭವಾಗಿ ಮುಗಿಸಬಹುದಿತ್ತು. ಆದರೆ ಅವನ್ನು ಯಾರೂ ಮರೆತಿಲ್ಲ. ನೀವು ಕೇಳಿರುವುದು ಜನರಿಗೆ ಗೊತ್ತೇ ಇಲ್ಲದ ಆಟ. ಹಾಗಾದರೆ ನನ್ನ ಉತ್ತರ ಸ್ಕೈರೋಡ್ಸ್. ಆದರೆ ಅದಕ್ಕೆ ಬರುವ ಮೊದಲು ಅದೇ ಫ್ಲಾಪಿ ಡಬ್ಬಿಯಲ್ಲಿದ್ದ ಬೇರೆ ನಾಲ್ಕೈದು ಆಟಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಬಿಟ್ಟರೆ ಅವಕ್ಕೆ ಮೋಸ ಮಾಡಿದಂತೆ.

ಮೊದಲು ನಮ್ಮ ಕಂಪ್ಯೂಟರ್. ಯಾರೋ ಹೊಸದು ತೆಗೆದುಕೊಂಡು ಹಳೆಯದನ್ನು ನಮಗೆ ದಾಟಿಸಿದ್ದರು. 386 ಅನ್ನುವ ಹಳೆಯ ಪ್ರೊಸೆಸರಿನದು. ಸೌಂಡ್ ಕಾರ್ಡ್ ಇಲ್ಲ. ಸದ್ದು ಅಂದರೆ ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರ್ ಮಾಡುವ ಕೀಂ ಕೀಂ ಅಷ್ಟೇ. ಮಾನಿಟರ್ ವಿಜಿಎ, ಅಂದರೆ ಆಗಿನ ಬಣ್ಣದ ಡಿಸ್‌ಪ್ಲೇ ಮಾದರಿಯದು, ಆದರೆ ನಮ್ಮದು ಕಪ್ಪು-ಬಿಳುಪು. ಕಂಪ್ಯೂಟರ್ ಯಾವ ಬಣ್ಣ ಕಳಿಸಿದರೂ ಅದು ಬೂದು ಮಾಡಿ ತೋರಿಸುತ್ತಿತ್ತು. ಈ ಮಾನಿಟರ್ ವಿಷಯ ನೆನಪಿರಲಿ, ಮುಂದೆ ಬರುತ್ತದೆ.

ಆಟಗಳು ಬಂದದ್ದೆಲ್ಲ ಕಾಪಿಯ ಕಾಪಿಯ ಕಾಪಿ. ಮ್ಯಾನ್ಯುಯಲ್ ಅನ್ನೋದು ಇರುತ್ತದೆ ಅಂತಲೇ ನಮಗೆ ಗೊತ್ತಿರಲಿಲ್ಲ. ಆಗಿನ ಆಪರೇಟಿಂಗ್ ಸಿಸ್ಟಂ ಆದ ಡಾಸ್‌ನಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಚುಕ್ಕಿಯ ಆಚೆ ಇನ್ನು ಮೂರು. ಆ ಎಂಟರೊಳಗೆ ಏನಿತ್ತೋ ಅದೇ ನಮಗೆ ಆಟದ ಹೆಸರು. ಪರದೆಯ ಮೇಲೆ ಪೂರ್ತಿ ಹೆಸರು ಬರುತ್ತಿತ್ತು, ಆದರೆ ಅದನ್ನು ಓದುವ ತಾಳ್ಮೆ ಯಾರಿಗಿತ್ತು? ಎಂಟರ್ ಒತ್ತಿ ಮುಂದೆ ಹೋಗುವುದೇ. ಇನ್ನು ಆಟದ ನಿಯಮ? ಅದನ್ನು ನಾವೇ ಊಹಿಸಿಕೊಂಡೆವು. ನಾನು, ಅಣ್ಣ, ಅಕ್ಕ. ಮೂವರದೂ ಬೇರೆ ಬೇರೆ ಊಹೆ. ಅರ್ಧಕ್ಕಿಂತ ಜಾಸ್ತಿ ತಪ್ಪು ಅಂತ ದೊಡ್ಡವನಾದ ಮೇಲೆ ಗೊತ್ತಾಯಿತು.

ಉದಾಹರಣೆಗೆ ಪ್ಯಾರಾಟ್ರೂಪರ್. ಕೆಳಗೆ ಒಂದು ಫಿರಂಗಿ, ಮೇಲೆ ಹೆಲಿಕಾಪ್ಟರ್‌ಗಳು, ಅದರಿಂದ ಕೊಡೆ ಬಿಚ್ಚಿಕೊಂಡು ಇಳಿಯುವ ಸೈನಿಕರು. ಹೊಡೆಯುತ್ತಾ ಹೋಗುವುದು. ಅಣ್ಣ ಬಟನ್ ಬಿಡದೆ ಗುಂಡು ಹಾರಿಸುತ್ತಿದ್ದ, ಆದರೂ ಅವನ ಸ್ಕೋರು ಏರಿದಂತೆ ಏರಿ ಇಳಿಯುತ್ತಿತ್ತು. ಫ್ಲಾಪಿ ಕೆಟ್ಟಿದೆ ಅಂತ ತೀರ್ಮಾನ ಮಾಡಿದ. ನಿಜ ಏನೆಂದರೆ ಆ ಆಟದಲ್ಲಿ ಪ್ರತಿ ಗುಂಡಿಗೂ ಒಂದು ಪಾಯಿಂಟ್ ಕಳೆಯುತ್ತದೆ. ಸುಮ್ನೆ ಹಾರಿಸಿದರೆ ನಷ್ಟ. ಇದು ತಿಳಿಯದೆ ನಾವು ವರ್ಷಗಟ್ಟಲೆ ಆಡಿದೆವು.

ಅದರಲ್ಲಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿರುವುದು ಸೋಲುವ ದೃಶ್ಯ. ಒಂದೇ ಕಡೆ ನಾಲ್ಕು ಸೈನಿಕರು ಇಳಿದರೆ ಮುಗಿಯಿತು. ಒಬ್ಬ ಬಂದು ಫಿರಂಗಿಯ ಬುಡಕ್ಕೆ ನಿಲ್ಲುತ್ತಾನೆ. ಇನ್ನೊಬ್ಬ ಅವನ ಹೆಗಲೇರುತ್ತಾನೆ. ಹಾಗೇ ಒಬ್ಬರ ಮೇಲೊಬ್ಬರು ಹತ್ತಿ, ಕೊನೆಯವನು ಮೇಲೆ ಬಂದು ಫಿರಂಗಿಯನ್ನೇ ಉಡಾಯಿಸುತ್ತಾನೆ. ಅವರು ನಿಧಾನವಾಗಿ ನಡೆದು ಬರುವಾಗ ನಾವು ಏನೂ ಮಾಡುವ ಹಾಗಿಲ್ಲ, ಕೂತು ನೋಡಬೇಕು. ಅಷ್ಟು ಚಿಕ್ಕ ಕಡ್ಡಿ ಮನುಷ್ಯರು ಅಷ್ಟು ಹೆದರಿಸಿದ್ದು ಹೇಗೆ ಅಂತ ಈಗಲೂ ಆಶ್ಚರ್ಯ. 1982ರಲ್ಲಿ ಇದನ್ನು ಬರೆದವರು ಗ್ರೆಗ್ ಕುಪರ್‌ಬರ್ಗ್. ಆಗ ಅವರಿಗೆ ಸುಮಾರು ಹದಿನೈದು ವರ್ಷ. ಮುಂದೆ ಅವರು ಗಣಿತದ ಪ್ರೊಫೆಸರ್ ಆದರು.

ಆಮೇಲೆ ಬೆಕ್ಕಿನ ಆಟ. ನಿಜವಾದ ಹೆಸರು ಆ್ಯಲಿ ಕ್ಯಾಟ್. 1983ರಲ್ಲಿ ಅಟಾರಿ ಕಂಪ್ಯೂಟರಿಗೆ ಬಂತು, ಮರುವರ್ಷ ಐಬಿಎಂ ಪಿಸಿಗೆ. ಬೀದಿಯ ಕಪ್ಪು ಬೆಕ್ಕು ಬೇಲಿ ಹತ್ತಿ, ಬಟ್ಟೆ ಒಣಹಾಕಿದ ಹಗ್ಗಕ್ಕೆ ಹಾರಿ, ತೆರೆದ ಕಿಟಕಿಯೊಳಗೆ ನುಗ್ಗಬೇಕು. ಒಳಗೆ ಯಾವ ಕೋಣೆ ಸಿಗುತ್ತದೋ ಅದೃಷ್ಟ. ಒಂದರಲ್ಲಿ ಮೀನಿನ ಬಟ್ಟಲು. ಅದರೊಳಗೆ ಹಾರಿದರೆ ಇಡೀ ಪರದೆ ನೀರಾಗಿಬಿಡುತ್ತದೆ. ಇನ್ನೊಂದರಲ್ಲಿ ತೂತುತೂತಾದ ದೊಡ್ಡ ಚೀಸ್, ತೂತಿನಲ್ಲಿ ಇಲಿಗಳು. ಮತ್ತೊಂದರಲ್ಲಿ ಮಲಗಿರುವ ನಾಯಿಗಳು, ಅವು ಏಳದ ಹಾಗೆ ಅವುಗಳ ಬಟ್ಟಲು ಖಾಲಿ ಮಾಡಬೇಕು.

ಇವೆಲ್ಲ ಸರಿ. ನಮ್ಮ ತಲೆ ಕೆಡಿಸಿದ್ದು ಪೊರಕೆ. ಕೋಣೆಯೊಳಗೆ ಒಂದು ಪೊರಕೆ ತನ್ನಷ್ಟಕ್ಕೆ ಓಡಾಡುತ್ತದೆ. ಹಿಡಿದವರು ಯಾರೂ ಕಾಣುವುದಿಲ್ಲ. ಸಿಕ್ಕಿದರೆ ಬೆಕ್ಕನ್ನು ಗುಡಿಸಿ ಹೊರಗೆ ಎಸೆಯುತ್ತದೆ. ಕಣ್ಣಿಗೆ ಕಾಣದ ಅಜ್ಜಿಯೊಬ್ಬಳು ಅದನ್ನು ಹಿಡಿದಿದ್ದಾಳೆ ಅಂತ ನಾನು ನಂಬಿದ್ದೆ. ಅಕ್ಕ ಮಾತ್ರ ಆಡದೆ ಸುಮ್ಮನೆ ನೋಡುತ್ತಾ ಕೂತಿದ್ದಳು. ಒಂದು ದಿನ ಹೇಳಿದಳು: 'ಅದು ನಿನ್ನನ್ನ ಅಟ್ಟಿಸಿಕೊಂಡು ಬರ್ತಿಲ್ಲ ಕಣೋ, ನೆಲ ಗುಡಿಸ್ತಿದೆ. ಬೆಕ್ಕಿನ ಹೆಜ್ಜೆ ನೋಡು.' ನೋಡಿದರೆ ಹೌದು. ಬೆಕ್ಕು ಓಡಿದಲ್ಲೆಲ್ಲ ನೆಲದ ಮೇಲೆ ಕೊಳೆಯ ಹೆಜ್ಜೆ ಮೂಡುತ್ತದೆ. ಪೊರಕೆಗೆ ಅದನ್ನು ಒರೆಸುವ ಹುಚ್ಚು. ಅಂದರೆ ಮೊದಲು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಾಡಿ ಮನೆಯೆಲ್ಲ ಹೊಲಸು ಮಾಡಿ, ಅದು ಗುಡಿಸುತ್ತಿರುವಾಗ ಕೆಲಸ ಮುಗಿಸಿಕೊಳ್ಳಬೇಕು! ನಾವು ಸರಿಯಾಗಿ ಕಂಡುಹಿಡಿದ ಕೆಲವೇ ನಿಯಮಗಳಲ್ಲಿ ಇದೊಂದು. ಕ್ರೆಡಿಟ್ ಪೂರ್ತಿ ಅಕ್ಕನದು.

ಇದನ್ನು ಮಾಡಿದ ಬಿಲ್ ವಿಲಿಯಮ್ಸ್ ಬಗ್ಗೆ ತುಂಬಾ ತಡವಾಗಿ ಓದಿದೆ. ಹುಟ್ಟಿನಿಂದಲೇ ಸಿಸ್ಟಿಕ್ ಫೈಬ್ರೋಸಿಸ್ ಅನ್ನುವ, ಶ್ವಾಸಕೋಶವನ್ನು ಹಾಳು ಮಾಡುವ ಕಾಯಿಲೆ ಅವರಿಗಿತ್ತು. ಗೇಮ್ ಮಾಡುವುದನ್ನು ಬಿಟ್ಟು ಧರ್ಮಶಾಸ್ತ್ರ ಓದಲು ಹೋದರು. 1998ರಲ್ಲಿ ತೀರಿಕೊಂಡರು. ಅದನ್ನು ಓದಿದ ರಾತ್ರಿ ಬೆಕ್ಕಿನ ಆಟ ಹಾಕಿಕೊಂಡು ಸುಮಾರು ಹೊತ್ತು ಕೂತಿದ್ದೆ.

ಡಿಗ್ಗರ್ ಬಗ್ಗೆ ಒಂದೇ ಮಾತು. 1983ರದು, ವಿಂಡ್‌ಮಿಲ್ ಸಾಫ್ಟ್‌ವೇರ್ ಅನ್ನುವ ಕೆನಡಾದ ಕಂಪನಿಯದು. ಮಣ್ಣು ಕೊರೆಯುತ್ತಾ ಹೋಗುವಾಗ ಒಂದು ಟಿಣಿಟಿಣಿ ರಾಗ ಬಿಡದೆ ಬರುತ್ತದೆ. ಆ ರಾಗ ಗೇಮಿನದೇ ಅಂದುಕೊಂಡಿದ್ದೆ. ಗೆರ್ಶನ್ ಕಿಂಗ್ಸ್‌ಲಿ 1969ರಲ್ಲೇ ಮಾಡಿದ 'ಪಾಪ್‌ಕಾರ್ನ್' ಅದು. ಎಲ್ಲಾದರೂ ಕೇಳಿಸಿದರೆ ಈಗಲೂ ನನ್ನ ಬೆರಳು ಬಾಣದ ಕೀ ಹುಡುಕುತ್ತದೆ.

ಗೊರಿಲ್ಲಾಸ್ ಫ್ಲಾಪಿಯಲ್ಲಿ ಬಂದದ್ದಲ್ಲ. 1991ರ ಎಂಎಸ್-ಡಾಸ್ 5ರಲ್ಲಿ ಕ್ಯೂಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಜೊತೆ ಸುಮ್ಮನೆ ಕೂತಿತ್ತು. ಕಟ್ಟಡಗಳ ಮೇಲೆ ಎರಡು ಗೊರಿಲ್ಲಾ. ಕೋನ ಇಷ್ಟು, ವೇಗ ಇಷ್ಟು ಅಂತ ಟೈಪ್ ಮಾಡಿದರೆ ಸ್ಫೋಟಿಸುವ ಬಾಳೆಹಣ್ಣು ಹಾರಿ ಹೋಗುತ್ತದೆ. ಬಾಳೆಹಣ್ಣು ಸೂರ್ಯನಿಗೆ ತಾಗಿದರೆ ಸೂರ್ಯ ಬಾಯಿ ಬಿಟ್ಟು ನೋಡುತ್ತಾನೆ. ಆಟ ಬಿಟ್ಟು ಬರೀ ಸೂರ್ಯನಿಗೆ ಹೊಡೆದ ದಿನಗಳೂ ಇವೆ.

ಇದರ ವಿಶೇಷ ಏನೆಂದರೆ ಇಡೀ ಪ್ರೋಗ್ರಾಂ ಕಣ್ಣೆದುರಿಗೇ ಇರುತ್ತದೆ. ಆಡಬೇಕೆಂದರೆ ಮೊದಲು ಕೋಡ್ ತೆರೆದುಕೊಳ್ಳುತ್ತದೆ, ಆಮೇಲೆ ರನ್ ಮಾಡಬೇಕು. ಆರಂಭದಲ್ಲೇ ಒಂದು ಟಿಪ್ಪಣಿ ಇದೆ: ಆಟ ತೀರಾ ನಿಧಾನ ಅಥವಾ ತೀರಾ ಜೋರು ಅನ್ನಿಸಿದರೆ 500 ಅಂತ ಇರುವ ಸಂಖ್ಯೆಯನ್ನು ಬದಲಾಯಿಸಿಕೊಳ್ಳಿ ಅಂತ. ಬದಲಾಯಿಸಬಹುದು ಅಂತ ಅವರೇ ಹೇಳಿದ ಮೇಲೆ ಕೇಳಬೇಕೇ? ಅಣ್ಣ ಸಾಲು ಸಾಲಾಗಿ ಹುಡುಕಿ ಸ್ಫೋಟದ ಭಾಗಕ್ಕೆ ಬಂದ. ಅಲ್ಲಿ ಸ್ಫೋಟ ಎಷ್ಟು ದೊಡ್ಡದು ಅಂತ ತೀರ್ಮಾನಿಸಲು ಪರದೆಯ ಎತ್ತರವನ್ನು 50ರಿಂದ ಭಾಗಿಸುವ ಒಂದು ಸಾಲು. 50ರ ಸೊನ್ನೆ ಅಳಿಸಿ 5 ಮಾಡಿದ. ಮುಂದಿನ ಬಾಳೆಹಣ್ಣು ಬಿದ್ದಾಗ ಪಕ್ಕಪಕ್ಕದ ಕಟ್ಟಡಗಳು ಅರ್ಧ ಮಾಯ. ಮೂವರೂ ಕಿರುಚಿದ ರೀತಿಗೆ ಅಮ್ಮ ಓಡಿ ಬಂದಿದ್ದರು. ಬೇರೆ ಆಟಗಳ ನಿಯಮ ಊಹಿಸುತ್ತಿದ್ದೆವಲ್ಲ, ಇದರಲ್ಲಿ ನಿಯಮವನ್ನೇ ಬರೆದೆವು. ಅಣ್ಣ ಈಗ ಪ್ರೋಗ್ರಾಮರ್ ಏನೂ ಅಲ್ಲ, ಬಿಡಿ.

ಸ್ಕೀಫ್ರೀಯನ್ನು ಕೆಲವರಾದರೂ ನೋಡಿರುತ್ತೀರಿ. ಕ್ರಿಸ್ ಪಿರಿಹ್ ಬರೆದದ್ದು, 1991ರಲ್ಲಿ ವಿಂಡೋಸ್ ಎಂಟರ್‌ಟೇನ್‌ಮೆಂಟ್ ಪ್ಯಾಕ್‌ನಲ್ಲಿ ಬಂತು. ಹಿಮದ ಮೇಲೆ ಜಾರುತ್ತಾ 2000 ಮೀಟರ್ ದಾಟಿದರೆ ಬೂದು ರಾಕ್ಷಸ ಬಂದು ನುಂಗುತ್ತಾನೆ. ಆಟ ಮುಗಿಯುವುದೇ ಹಾಗೆ ಅಂತ ನಾವು ಒಪ್ಪಿಕೊಂಡಿದ್ದೆವು. ಎಫ್ ಕೀ ಒತ್ತಿದರೆ ವೇಗ ಹೆಚ್ಚುತ್ತದೆ, ತಪ್ಪಿಸಿಕೊಳ್ಳಬಹುದು ಅಂತ ಗೊತ್ತಾಗುವಷ್ಟರಲ್ಲಿ ನನಗೆ ಕೆಲಸ ಸಿಕ್ಕಿತ್ತು.

ಇನ್ನು ಸ್ಕೈರೋಡ್ಸ್.

ಬಾಹ್ಯಾಕಾಶದಲ್ಲಿ ತೇಲುವ ರಸ್ತೆ. ಚೌಕ ಚೌಕ ಜೋಡಿಸಿ ಮಾಡಿದ್ದು, ನಡುನಡುವೆ ಹಳ್ಳ, ಗೋಡೆ, ಸುರಂಗ. ಅದರ ಮೇಲೆ ಒಂದು ಪುಟ್ಟ ನೌಕೆ. ಓಡಿಸಬೇಕು, ಹಾರಿಸಬೇಕು, ರಸ್ತೆಯ ಕೊನೆ ಮುಟ್ಟಬೇಕು. ಹತ್ತು ಲೋಕ, ಒಂದೊಂದರಲ್ಲಿ ಮೂರು ರಸ್ತೆ, ಒಟ್ಟು 30. ಶತ್ರು ಇಲ್ಲ, ಗುಂಡು ಇಲ್ಲ. ನೀವು ಮತ್ತು ರಸ್ತೆ.

ರಸ್ತೆಯ ಕೆಲವು ಚೌಕಗಳ ಗುಣ ಬೇರೆ. ಕೆಂಪು ಚೌಕ ಮುಟ್ಟಿದರೆ ನೌಕೆ ಸುಟ್ಟುಹೋಗುತ್ತದೆ. ಹಸಿರು ಚೌಕ ವೇಗ ಕೊಡುತ್ತದೆ, ಗಾಢ ಹಸಿರು ವೇಗ ಕಸಿಯುತ್ತದೆ. ನೀಲಿ ಚೌಕದ ಮೇಲೆ ಹೋದರೆ ಇಂಧನ, ಆಮ್ಲಜನಕ ಎರಡೂ ತುಂಬುತ್ತವೆ. ಬೂದು ಚೌಕ ಜಾರುತ್ತದೆ, ಅದರ ಮೇಲೆ ನೌಕೆ ತಿರುಗುವುದಿಲ್ಲ.

ಈಗ ನಮ್ಮ ಮಾನಿಟರ್ ನೆನಪಿಸಿಕೊಳ್ಳಿ. ನಮಗೆ ಎಲ್ಲವೂ ಬೂದು!

ಒಂದೇ ರೀತಿ ಕಾಣುವ ಚೌಕಗಳು. ಒಂದರ ಮೇಲೆ ಹೋದರೆ ಸಾವು, ಪಕ್ಕದ್ದರ ಮೇಲೆ ಹೋದರೆ ಏನೂ ಇಲ್ಲ, ಇನ್ನೊಂದು ಎಳೆದುಕೊಂಡು ಹೋಗಿ ಗೋಡೆಗೆ ಅಪ್ಪಳಿಸುತ್ತದೆ. ಯಾಕೆ ಅಂತ ತಿಳಿಯದು. ಈ ಆಟವೇ ಹೀಗೆ, ಯಾವ ಚೌಕ ಕೊಲ್ಲುತ್ತದೆ ಅಂತ ಬಾಯಿಪಾಠ ಮಾಡಬೇಕು ಅಂದುಕೊಂಡೆವು. ಅಕ್ಕ ಗ್ರಾಫ್ ಶೀಟ್ ತಂದು ರಸ್ತೆಯ ನಕ್ಷೆ ಬರೆದಳು. ಕೊಲ್ಲುವ ಚೌಕಕ್ಕೆ ಇಂಟು ಮಾರ್ಕು, ಓಡಿಸುವುದಕ್ಕೆ ಬಾಣ, ಜಾರುವುದಕ್ಕೆ ಅಲೆ. ನಾನು ಸಾಯುವುದು, ಅವಳು ಗುರುತು ಹಾಕುವುದು. ಅಣ್ಣ ಜೋರಾಗಿ ಓದಿ ಹೇಳುವುದು: 'ಎಡ, ಎಡ, ಹಾರು, ಮಧ್ಯ, ಹಾರು.' ಒಂದು ರಸ್ತೆಗೆ ಕೆಲವೊಮ್ಮೆ ಒಂದು ವಾರ ಬೇಕಾಗುತ್ತಿತ್ತು. ಕೆಳಗೆ ಆಮ್ಲಜನಕದ ಮೀಟರಿಗೆ 'ಓ2' ಅಂತ ಬರೆದಿತ್ತು. ಅದು ಎರಡನೇ ಆಟಗಾರನ ಜೀವ ಅಂತ ಅಣ್ಣನ ವಾದ. ಎರಡನೇ ಆಟಗಾರ ಎಲ್ಲಿ ಅಂತ ಕೇಳಿದರೆ ಉತ್ತರ ಇಲ್ಲ.

ಹದಿನಾರು ರಸ್ತೆಗಳ ನಕ್ಷೆ ಮುಗಿಸಿದ್ದೆವು. ಆಮೇಲೆ ಒಂದು ದಿನ ಫ್ರೆಂಡ್ ಮನೆಯಲ್ಲಿ ಅವನ ಕಂಪ್ಯೂಟರಿನಲ್ಲಿ ಸ್ಕೈರೋಡ್ಸ್ ಹಾಕಿದ. ಕಲರ್ ಮಾನಿಟರ್. ಜೊತೆಗೆ ಸಂಗೀತ! ಆ ಆಟಕ್ಕೆ ಸಂಗೀತ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅವನು ಕೆಂಪು ಬಿಟ್ಟು, ಹಸಿರು ಹಿಡಿದು ಆರಾಮಾಗಿ ಹೋಗುತ್ತಿದ್ದ. 'ಕೆಂಪು ಮುಟ್ಟಬಾರ್ದು ಅಷ್ಟೇ' ಅಂದ. ಅಷ್ಟೇ ಅಂತೆ! ಮನೆಗೆ ಬಂದು ಹೇಳಿದರೆ ಅಕ್ಕ ನಂಬಲಿಲ್ಲ. ನಂಬಿದ ಮೇಲೆ ಎರಡು ದಿನ ಆ ಆಟದ ಹೆಸರೆತ್ತಲಿಲ್ಲ.

ಆ ಆಟ 1993ರದು. ಎಸ್ಟೋನಿಯಾದ ಬ್ಲೂಮೂನ್ ಅನ್ನುವ ಪುಟ್ಟ ತಂಡ ಮಾಡಿದ್ದು. ಅದಕ್ಕೂ ಮೊದಲು, 1990ರಲ್ಲಿ, ಇದೇ ಬಗೆಯ ಕಾಸ್ಮೊನಾಟ್ ಅನ್ನುವ ಗೇಮ್ ಮಾಡಿದ್ದರು. ಆ ತಂಡದ ಯಾನ್ ಟಾಲಿನ್, ಆಹ್ತಿ ಹೇನ್ಲಾ, ಪ್ರೀತ್ ಕಸೆಸಾಲು ಮುಂದೆ ಇಂಟರ್ನೆಟ್‌ನಲ್ಲಿ ಫೈಲ್ ಹಂಚಿಕೊಳ್ಳುವ ಕಝಾ ಅನ್ನುವ ಪ್ರೋಗ್ರಾಂ ಬರೆದರು. ಆಮೇಲೆ 2003ರಲ್ಲಿ ಬಂದ ಸ್ಕೈಪ್ ಬರೆದವರೂ ಅವರೇ. ಸತ್ಯವಾಗಿ! ಅಕ್ಕ ಹೊರದೇಶಕ್ಕೆ ಹೋದ ಮೇಲೆ ಅವಳ ಜೊತೆ ಎಷ್ಟೋ ವರ್ಷ ಸ್ಕೈಪ್‌ನಲ್ಲೇ ಮಾತಾಡಿದ್ದೇನೆ. ಅದನ್ನು ಕಟ್ಟಿದವರೇ ನಮ್ಮಿಂದ ಗ್ರಾಫ್ ಶೀಟ್ ತುಂಬಿಸಿದವರು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಸ್ಕೈಪ್ ಮುಚ್ಚಿತು. ಸ್ಕೈರೋಡ್ಸ್ ಇನ್ನೂ ಓಡುತ್ತದೆ.

ನೀವೂ ಆಡಬೇಕೆಂದರೆ ಕಷ್ಟವೇನಿಲ್ಲ. ಬ್ಲೂಮೂನ್‌ನವರೇ ಅದನ್ನು ಉಚಿತವಾಗಿ ಬಿಟ್ಟಿದ್ದಾರೆ. ಡಾಸ್‌ಬಾಕ್ಸ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿಕೊಂಡರೆ ಯಾವ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಹಳೆಯ ಆಟ ಯಾವುದಾದರೂ ಹುಚ್ಚು ಹಿಡಿದಂತೆ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ, ನಿಧಾನವಾಗುತ್ತದೆ. ಎಫ್12 ಒತ್ತಿದರೆ ಜೋರು. ಇಂಟರ್ನೆಟ್ ಆರ್ಕೈವ್‌ನವರು 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಗೇಮ್‌ಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಮಾಡಿದರು. ಏನೂ ಇನ್‌ಸ್ಟಾಲ್ ಮಾಡುವುದು ಬೇಡ ಅನ್ನುವವರು ಅಲ್ಲಿ ಹುಡುಕಿ.

ಕಳೆದ ತಿಂಗಳು ಅಕ್ಕ ಬಂದಿದ್ದಳು. ಸ್ಕೈರೋಡ್ಸ್ ಹಾಕಿ ಕೊಟ್ಟೆ. ಬಣ್ಣ ಬಣ್ಣವಾಗಿ, ಸಂಗೀತದ ಜೊತೆ. ಮೊದಲ ರಸ್ತೆಯಲ್ಲೇ ನಾಲ್ಕು ಸಲ ಸತ್ತಳು. 'ಇದು ನಮ್ಮ ಆಟ ಅಲ್ಲ ಕಣೋ' ಅಂದಳು. ಪರದೆಯನ್ನು ಪೂರ್ತಿ ಬೂದು ಮಾಡುವ ಆಯ್ಕೆ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿರುತ್ತದೆ. ಅದನ್ನು ಆನ್ ಮಾಡಿ, ಸೌಂಡ್ ಮ್ಯೂಟ್ ಮಾಡಿದೆ. ಅವಳು ಕುರ್ಚಿ ಮುಂದೆಳೆದುಕೊಂಡು ಸ್ಪೇಸ್ ಬಾರ್ ಮೇಲೆ ಹೆಬ್ಬೆರಳಿಟ್ಟಳು. 'ಎಡ, ಎಡ, ಹಾರು' ಅಂತ ತನಗೆ ತಾನೇ ಹೇಳಿಕೊಳ್ಳುತ್ತಾ ಒಂದೇ ಉಸಿರಿನಲ್ಲಿ ರಸ್ತೆ ದಾಟಿಬಿಟ್ಟಳು.