ಆಕಾಶದಲ್ಲಿ ನಾಲ್ಕು ಚುಕ್ಕೆ

ಪ್ರಶ್ನೆ: ಸಾರ್, ಡಿಎಸ್‌ಎಲ್‌ಆರ್ ಮಾರಿ ಮಿರರ್‌ಲೆಸ್ ಕ್ಯಾಮೆರಾ ತಗೊಂಡು ಆರು ತಿಂಗಳಾಯಿತು. ಮೊನ್ನೆ ಹಂಪಿಯ ಮಾತಂಗ ಬೆಟ್ಟದಿಂದ ಸೂರ್ಯೋದಯ ತೆಗೆದರೆ ಎಲ್ಲ ಫೋಟೋದಲ್ಲೂ ಆಕಾಶದ ಎಡ ಮೂಲೆಯಲ್ಲಿ ಅದೇ ನಾಲ್ಕು ಮಸುಕು ಚುಕ್ಕೆ. ಮನೆಯಲ್ಲಿ ಮಗಳ ಫೋಟೋ ತೆಗೆದರೆ ಕಾಣಿಸುವುದೇ ಇಲ್ಲ. ಕ್ಯಾಮೆರಾ ಕೆಟ್ಟಿದೆಯಾ? ಕನ್ನಡಕದ ಬಟ್ಟೆಯಲ್ಲಿ ಒರೆಸಲಾ?
– ಓದುಗರೊಬ್ಬರು, ಹೊಸಪೇಟೆ

ಉತ್ತರ: ಕೆಟ್ಟಿಲ್ಲ, ಗಾಬರಿ ಬೇಡ. ಆದರೆ ಆ ಬಟ್ಟೆ ಮಾತ್ರ ಮುಟ್ಟಿಸಬೇಡಿ. ಆ ಚುಕ್ಕೆಗಳು ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಮುಂದಿನ ಗಾಜಿನ ಮೇಲೆ ಕೂತ ಧೂಳು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಬಿಚ್ಚಿದರೂ ಕನ್ನಡಿ, ಶಟರ್ ಎರಡೂ ಅಡ್ಡ ಇರುತ್ತಿದ್ದವು. ಮಿರರ್‌ಲೆಸ್‌ನಲ್ಲಿ ಹೆಚ್ಚಾಗಿ ಬಾಗಿಲು ತೆಗೆದ ಮನೆ. ಕೆಲವು ಮಾಡೆಲ್‌ಗಳು ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುತ್ತವೆ. ನಿಮ್ಮದರ ಮೆನುವಿನಲ್ಲಿ ಆ ಆಯ್ಕೆ ಇದೆಯಾ ನೋಡಿ.

ಮನೆಯಲ್ಲಿ ಎಫ್ 2ರ ಆಸುಪಾಸಿನಲ್ಲಿ, ಅಂದರೆ ಲೆನ್ಸ್ ಕಿಂಡಿ ಅಗಲವಾಗಿ ತೆರೆದು ತೆಗೆದಿರುತ್ತೀರಿ. ಆಗ ಬೆಳಕು ನಾನಾ ಕೋನದಿಂದ ಬಂದು ಧೂಳಿನ ನೆರಳು ಕರಗಿ ಹೋಗುತ್ತದೆ. ಎಫ್ 16ಕ್ಕೆ ಹೋದರೆ ಕಿಂಡಿ ಕಿರಿದಾಗಿ ನೆರಳು ಗಟ್ಟಿ.

ನನ್ನದೊಂದು ಕಥೆ ಕೇಳಿ. ಮದುವೆ ಫೋಟೋ ತೆಗೆಯುವುದೇ ನನ್ನ ಕಸುಬು. ಒಮ್ಮೆ ಹೋಮದ ಪಕ್ಕದಲ್ಲೇ ಲೆನ್ಸ್ ಬದಲಿಸಿದೆ. ಬೂದಿ ಕೂತಿರಬೇಕು ಅಂತ ಬಾಯಿಂದ ಉಫ್ ಅಂದೆ. ಬೂದಿ ಹೋಯಿತೋ ಇಲ್ವೋ, ಉಗುಳಿನ ಹನಿ ಕೂತಿತು. ಮಂಟಪದೊಳಗೆ ಎಫ್ 2.8ರಲ್ಲಿ ತೆಗೆದದ್ದೆಲ್ಲ ಚೆನ್ನಾಗೇ ಬಂತು. ಹೊರಗೆ ಬಿಸಿಲಲ್ಲಿ ಎಫ್ 11ರಲ್ಲಿ ಗ್ರೂಪ್ ಫೋಟೋ ತೆಗೆದರೆ ಬೀಗರ ಬಿಳಿ ಪಂಚೆ ಮೇಲೆ, ಮೊಣಕಾಲ ಹತ್ತಿರ, ಸಾರು ಚೆಲ್ಲಿದ ಹಾಗೆ ಕಲೆ. ಆಲ್ಬಂ ನೋಡಿ ಅವರು, ‘ಇದು ಊಟಕ್ಕೆ ಮುಂಚೆ ತೆಗೆದದ್ದಲ್ವಾ?’ ಅಂದರು.

ನೀವು ಮೊದಲು ಮೆನುವಿನಲ್ಲಿರುವ ಸೆನ್ಸರ್ ಕ್ಲೀನಿಂಗ್ ಎರಡು ಸಲ ಓಡಿಸಿ. ಹೋಗದಿದ್ದರೆ ಬ್ಯಾಟರಿ ತುಂಬಾ ಚಾರ್ಜ್ ಮಾಡಿ, ಫ್ಯಾನ್ ಆರಿಸಿ, ಲೆನ್ಸ್ ಬಿಚ್ಚಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಊದಿ. ಬ್ಲೋವರ್ ತುದಿ ಒಳಗೆ ತೂರಬಾರದು. ಡಬ್ಬಿಯಲ್ಲಿ ತುಂಬಿದ ಗಾಳಿಯೂ ಬೇಡ, ಅದು ದ್ರವ ಕಾರುತ್ತದೆ. ಇನ್ನೊಂದು ವಿಷಯ, ಸೆನ್ಸರ್ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ಫೋಟೋದ ಮೇಲಿನ ಎಡ ಮೂಲೆಯ ಚುಕ್ಕೆ, ಎದುರಿನಿಂದ ನೋಡಿದರೆ ಸೆನ್ಸರ್‌ನ ಕೆಳಗಿನ ಎಡ ಮೂಲೆಯಲ್ಲಿರುತ್ತದೆ. ಊದಿದ ಮೇಲೆ ಎಫ್ 16ರಲ್ಲಿ, ಫೋಕಸ್ ತಪ್ಪಿಸಿ, ಬಿಳಿ ಗೋಡೆಯ ಫೋಟೋ ತೆಗೆದು ನೋಡಿ.

ಅಂಟಿಕೊಂಡ ಕಲೆಗೆ ಮಾತ್ರ ಸ್ವಾಬ್, ಅಂದರೆ ಮೆತ್ತನೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ. ಎಪಿಎಸ್‌-ಸಿಗೆ (ಚಿಕ್ಕ ಸೆನ್ಸರ್) 16 ಮಿ.ಮೀ., ಫುಲ್ ಫ್ರೇಮ್‌ಗೆ (ದೊಡ್ಡ ಸೆನ್ಸರ್) 24 ಮಿ.ಮೀ. ಅಗಲದ್ದು. ಸೆನ್ಸರ್ ಕ್ಲೀನರ್ ಎರಡು ಹನಿ, ಈ ಕಡೆಯಿಂದ ಆ ಕಡೆಗೆ ಒಂದೇ ಎಳೆತ, ಮಗ್ಗುಲು ಬದಲಿಸಿ ವಾಪಸ್ ಒಂದು. ಆಮೇಲೆ ಆ ಸ್ವಾಬ್ ಕಸಕ್ಕೆ. ಕೈ ನಡುಗುತ್ತದೆ ಅನ್ನಿಸಿದರೆ ಸುಮ್ನೆ ಸರ್ವೀಸ್‌ನವರಿಗೆ ಕೊಡಿ.

ಮಾತಂಗ ಬೆಟ್ಟದ ಫೋಟೋಗಳನ್ನು ಅಳಿಸಬೇಡಿ. ಚುಕ್ಕೆ ಎಲ್ಲದರಲ್ಲೂ ಒಂದೇ ಜಾಗದಲ್ಲಿದೆ ಅಲ್ವಾ? ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಒಂದು ಫೋಟೋದ ಚುಕ್ಕೆ ಅಳಿಸಿ, ಉಳಿದವಕ್ಕೆ ಅದನ್ನೇ ಕಾಪಿ ಮಾಡಿ.